ನಾಲ್ಕು ಬೆರಳು ಜಾಗ

ಬೆಳಗಿನ ಜಾವ ನಾಲ್ಕೂವರೆಗೆ
ದಾವಣಗೆರೆಯ ಹಳೇ ಹತ್ತಿಗಿರಣಿಯ ಹಿಂದೆ, ನಮ್ಮ ಐಸ್ ಫ್ಯಾಕ್ಟರಿಯಲ್ಲಿ
ದಾದಾಪೀರನ ಮೊಬೈಲು ಉಪ್ಪಿನ ಮೂಟೆಗೆ ಒರಗಿ ಕೂತಿರುತ್ತದೆ.
ಅಲ್ಲಿ, ಯಾವುದೋ ಊರಲ್ಲಿ, ಇನ್ನೂ ನಿನ್ನೆಯ ಸಂಜೆ.
ಹೆಲ್ಮೆಟ್ಟಿನ ಹನ್ನೆರಡು ಮಂದಿ ಬಿಳಿಯ ಮೇಲೆ ಜಾರುತ್ತಾರೆ,
ಕರಿ ಬಿಲ್ಲೆ ಕಣ್ಣಿಗೆ ಬೀಳುವ ಮೊದಲೇ ಗೋಲಾಗಿರುತ್ತದೆ.
ಒಮ್ಮೊಮ್ಮೆ ಚಿತ್ರ ನಿಂತು
ಕೂಗು ಮಾತ್ರ ಮುಂದೆ ಹೋಗುತ್ತದೆ.

ಇಲ್ಲಿ ಕಂಪ್ರೆಸರಿನ ಗೂರಲು, ಅಮೋನಿಯದ ಘಾಟು.
ಡಬ್ಬ ಎತ್ತಿ, ನೀರಲ್ಲೊಮ್ಮೆ ಅದ್ದಿ, ಮಗುಚಿದರೆ
ಒದ್ದೆ ನೆಲಕ್ಕೆ ಒಂದೂವರೆ ಕ್ವಿಂಟಲ್ ಗಡ್ಡೆ.
ತಿಪ್ಪೇಶಿ ಕೊಕ್ಕೆ ಹಾಕಿ ಎಳೆದು ಬಿಡುತ್ತಾನೆ, ಅದು ತಾನೇ ಹೋಗುತ್ತದೆ,
ಬಾಗಿಲಲ್ಲಿ ಇನ್ನೊಂದು ಕೊಕ್ಕೆ ತಡೆಯುತ್ತದೆ.
ಮೀನಿನ ಆಟೋಗೆ ನಾಲ್ಕು, ಸೋಡಾ ಅಂಗಡಿಗೆ ಅರ್ಧ,
ವಿನೋಬನಗರದಲ್ಲಿ ತೀರಿಕೊಂಡ ಮುದುಕಿಗೆ ಎರಡು, ಮಗಳು ಹುಬ್ಬಳ್ಳಿಯಿಂದ ಬರಬೇಕಂತೆ.
ಚೀಟಿ ಬರೆಯುವವಳು ನಾನು.
ಸತ್ತವರ ಚೀಟಿಗೆ ದುಡ್ಡು ಬರೆಯುವುದಿಲ್ಲ.

ಲೋಡು ಹೋದ ಮೇಲೆ ಅರ್ಧ ಗಂಟೆ ಆಟ.
ಹವಾಯಿ ಚಪ್ಪಲಿಯ ಹಿಮ್ಮಡಿ ದುಂಡಗೆ ಕೊಯ್ದು
ದಾದಾಪೀರ ಉಪ್ಪುನೀರಿನ ಟ್ಯಾಂಕಲ್ಲಿ ರಾತ್ರಿಯಿಡೀ ಇಡುತ್ತಾನೆ:
"ಬೆಚ್ಚಗಿದ್ರೆ ಪುಟಿತೈತ್ರಿ ಅಕ್ಕ, ತಣ್ಣಗಾದ್ರೆ ಹೇಳಿದ್ಹಂಗೆ ಕೇಳತೈತಿ."
ಅವರೂ ಹಾಗೇ ಮಾಡುತ್ತಾರಂತೆ. ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ಮಂಡಿಗೆ ಗೋಣಿತಾಟು,
ಗೋಲಿಗೆ ಉಪ್ಪಿನ ಎರಡು ಮೂಟೆ.

ಹೋದ ತಿಂಗಳು ಒಬ್ಬರು ಬಂದಿದ್ದರು, ಲೀಗಿನವರ ಪರವಾಗಿ,
ಲ್ಯಾನ್ಸಿ ಪಿರೇರ ಅಂತ, ಕೈಯಲ್ಲಿ ಲೇಸರ್ ಅಳತೆ.
ಆಟ ಜಗತ್ತಿಗೆಲ್ಲ ಹಬ್ಬಬೇಕು ಅಂದರು.
ಮುಚ್ಚಿದ ಗಿರಣಿಯ ಗೋಡೌನು ಅಳೆದರು: ಉದ್ದ ಸಾಕು, ಅಗಲ ಎಂಟಡಿ ಕಡಿಮೆ.
ಊರಲ್ಲಿ ಮೊಬೈಲೆಷ್ಟು, ಹದಿನೈದು ದಾಟಿದ ಹುಡುಗರೆಷ್ಟು,
ಎರಡು ಸಾವಿರದ ಜೆರ್ಸಿ ಕೊಳ್ಳುವವರೆಷ್ಟು, ಎಲ್ಲ ಬರೆದುಕೊಂಡರು.
ಮಂಡಕ್ಕಿ ಮಿರ್ಚಿ ತಿಂದು ಕಣ್ಣಲ್ಲಿ ನೀರು ತಂದುಕೊಂಡರು,
ಕುಡಿಯಲು ಕೊಟ್ಟರೆ "ಐಸ್ ಬೇಡ" ಅಂದರು.
ಕೊನೆಗೆ, "ಮೇಡಂ, ನಿಮ್ಮ ಅಭಿಪ್ರಾಯ?"

ನನಗೆ ತಕ್ಷಣ ಹೊಳೆದದ್ದು ಕರೆಂಟು ಬಿಲ್ಲು.
ಆಮೇಲೆ ನೀರು. ಭದ್ರಾ ನಾಲೆ ಒಣಗಿದ ತಿಂಗಳು
ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯ ಪಕ್ಕ
ಒಂದು ಮೈದಾನದಷ್ಟು ನೀರು ಗಟ್ಟಿಮಾಡಿ ಹಾಸಿ
ಅದರ ಮೇಲೆ ಕತ್ತಿಗಾಲಲ್ಲಿ ಓಡುವುದು!
ಬೇಡ ಅನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಮಂಡಕ್ಕಿ ಭಟ್ಟಿಯ ಪಾಳಿ ಮುಗಿಸಿ ಬಂದ ರಿಹಾನಾ,
ಮೈಯೆಲ್ಲ ಹೊಟ್ಟಿನ ಮಸಿ, ಕೊಕ್ಕೆ ತಿರುವಿ ಹಿಡಿದು
ಇಬ್ಬರು ಗಂಡಸರ ನಡುವೆ ಚಪ್ಪಲಿಚೂರು ತೂರಿಸಿ
ಮೂಟೆಗಳ ಮಧ್ಯೆ ಕಳಿಸಿಬಿಟ್ಟಳು.
ಇರುಳೆಲ್ಲ ಬೆಂಕಿ ನೋಡಿದ ಕಣ್ಣು, ಕೆಂಪಗೆ ನಕ್ಕಿತು.
ತೆರೆದ ಬಾಯಿ ಮುಚ್ಚಿದೆ.

ಗೊತ್ತಿದ್ದಷ್ಟು ಮಾತ್ರ ಹೇಳಿದೆ:
ನೀರು ಗಡ್ಡೆಯಾಗುವಾಗ ಹಿಗ್ಗುತ್ತದೆ, ಸ್ವಾಮಿ.
ಡಬ್ಬ ಕಂಠಮಟ್ಟ ತುಂಬಿದರೆ ಬೆಸುಗೆ ಸೀಳುತ್ತದೆ,
ಮೇಲೆ ನಾಲ್ಕು ಬೆರಳು ಖಾಲಿ ಬಿಡಬೇಕು.
ನಿಮ್ಮ ಆಟವೂ ಹಿಗ್ಗಲಿ, ಬೇಡ ಅನ್ನಲಾರೆ.
ಬಾವುಟ, ಜೆರ್ಸಿ, ಜಾಹೀರಾತು ತುಂಬಿಕೊಂಡು ಬರಬೇಡಿ;
ಐದು ನಂಬರಿನ ಕಾಲಿಗೆ ಒಂದು ಜೊತೆ ಬೂಟು ತನ್ನಿ,
ಕಲಿಸುವವರನ್ನು ಕಳಿಸಿ, ಒಂದು ಬೇಸಿಗೆಗೆ ಓಡಿಹೋಗದವರನ್ನು.
ಗೋಡೌನು ಎಂಟಡಿ ಕಡಿಮೆಯೆ? ನಿಯಮವೇ ಎಂಟಡಿ ಕುಗ್ಗಲಿ.
ಹಿಗ್ಗು ಅಂದರೆ ನಮ್ಮಲ್ಲಿ ಎರಡರ್ಥ,
ನಿಮ್ಮ ಪುಸ್ತಕದಲ್ಲಿ ಒಂದೇ ಬರೆದಿದೆ.

ಅವರು ತಲೆಯಾಡಿಸಿದರು. ಬರೆದುಕೊಂಡರೋ ಇಲ್ಲವೋ.
ಇವತ್ತಿನವರೆಗೆ ಪತ್ರವಿಲ್ಲ.

ಷಟರಿನ ಕೆಳಗಿಂದ ಬಿಸಿಲು ನುಗ್ಗಿ ಚೂರುಗಳು ಚರಂಡಿಗೆ ಹೊರಟಿವೆ.
ದಾದಾಪೀರನ ರೀಚಾರ್ಜು ಮುಗಿದಿದೆ.
"ಯಾರು ಗೆದ್ರೋ?" ರಿಹಾನಾ ಕೇಳುತ್ತಾಳೆ.
ಹೊರಗೆ ಮೀನಿನ ಆಟೋದ ಹಾರನ್ನು.
ಚೀಟಿ ಹರಿದು ಕೊಡುತ್ತೇನೆ: ನಾಲ್ಕು ಗಡ್ಡೆ.
ಆಟ ಅಲ್ಲೇ ನಿಂತಿದೆ, ಒಂದು–ಒಂದರಲ್ಲಿ,
ಬಿಲ್ಲೆ ಗಾಳಿಯಲ್ಲಿ.